ಒಂದು ಮಜಲಿನ ಓಟ

ಪತ್ರಿಕೆಗಳಲ್ಲಿ ‘ಹರಿಕಾರ’ ಎಂಬ ಪದ ಈಗ ದೊಡ್ಡವರಿಗೆ ಮೀಸಲು. ಕ್ಷೀರಕ್ರಾಂತಿಯ ಹರಿಕಾರ, ನವ್ಯದ ಹರಿಕಾರ ಎಂದೆಲ್ಲ ಬರೆಯುತ್ತಾರೆ. ನವ್ಯದ ಹರಿಕಾರರಾದ ಗೋಪಾಲಕೃಷ್ಣ ಅಡಿಗರು ನಮ್ಮ ಸಾಗರದ ಲಾಲ್ ಬಹದ್ದೂರ್ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದರು ಎಂಬುದು ಊರಿನವರಿಗೆ ಇವತ್ತಿಗೂ ಹೆಮ್ಮೆ. ಆದರೆ ಆ ಪದದ ಹುಟ್ಟು ಬಹಳ ಸಾದಾ. ಫಾರ್ಸಿಯ ಹರ್ಕಾರಾ ಎಂಬುದರಿಂದ ಬಂದದ್ದು. ಸುದ್ದಿ, ಕಾಗದ ಹೊತ್ತು ಊರಿಂದೂರಿಗೆ ಹೋಗುವ ಆಳು ಎಂದು ಅರ್ಥ. ಹರಿಕಾರನ ಬಂಡವಾಳವೆಂದರೆ ಎರಡು ಕಾಲು.

‘ಅಂಚೆ’ಗೂ ಹೀಗೇ ಆಗಿದೆ. ಈಗ ಅಂಚೆ ಎಂದರೆ ಕೆಂಪು ಡಬ್ಬಿ, ಉಳಿತಾಯ ಖಾತೆ, ಅಜ್ಜಿಯ ಪಿಂಚಣಿ. ಹಿಂದೆ ಅದು ಓಡುವವರ ಏರ್ಪಾಡಾಗಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ರಾಜ್ಯದುದ್ದಕ್ಕೂ ಅಂಚೆಯನ್ನು ಕ್ರಮಪಡಿಸಿದರು. ಅಂಚೆಯ ಅಧಿಕಾರಿಗಳು ಕಾಗದ ಸಾಗಿಸುವುದರ ಜೊತೆಗೆ ತಮ್ಮ ಸೀಮೆಯ ಗುಟ್ಟುಗಳನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು ಎಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ನಮ್ಮ ಕಡೆ ಆಗಿನ್ನೂ ಕೆಳದಿ ಅರಸರ ಆಳ್ವಿಕೆ. ಅವರ ರಾಜಧಾನಿ ಸಾಗರದ ಪಕ್ಕದ ಕೆಳದಿ, ಇಕ್ಕೇರಿಗಳನ್ನು ಬಿಟ್ಟು ಈಗಿನ ಹೊಸನಗರ ತಾಲ್ಲೂಕಿನ ಬಿದನೂರಿಗೆ ಹೋಗಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರ ಎಂದು ಕರೆದ. ಜನರ ಬಾಯಲ್ಲಿ ಬರೀ ‘ನಗರ’ ಉಳಿಯಿತು. ಅಲ್ಲಿಂದಾಚೆಗೆ ನಮ್ಮ ಮಲೆಗಳೂ ಮೈಸೂರಿನ ಆಡಳಿತಕ್ಕೆ ಸೇರಿದವು. ಮೈಸೂರಿನ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾದದ್ದು 1889ರಲ್ಲಿ.

ಈ ಹಳೆಯ ಟಪ್ಪಾಲು ನಡೆಯುತ್ತಿದ್ದ ಬಗೆ ನನಗೆ ಬಹಳ ಇಷ್ಟ. ಒಬ್ಬನೇ ಮನುಷ್ಯ ಮೈಸೂರಿನಿಂದ ಮಲೆನಾಡಿಗೆ ಓಡುತ್ತಿರಲಿಲ್ಲ. ದಾರಿಯನ್ನು ಮಜಲುಗಳಾಗಿ ಕತ್ತರಿಸಿರುತ್ತಿದ್ದರು. ಐದೋ ಆರೋ ಎಂಟೋ ಮೈಲಿಗೆ ಒಬ್ಬ ಆಳು. ಅವನು ಚೀಲ ಹೊತ್ತು ತನ್ನ ಮಜಲು ಮುಗಿಸಿ ಮುಂದಿನವನ ಕೈಗೆ ಕೊಡಬೇಕು. ಆಚೆಯಿಂದ ಬಂದ ಚೀಲ ಹೊತ್ತು ಅದೇ ದಾರಿಯಲ್ಲಿ ವಾಪಸು ಬರಬೇಕು. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಕಾಡಿನ ಪ್ರಾಣಿಗಳು ಸರಿಯಲಿ ಎಂದೂ ಹೌದು, ಮುಂದಿನ ಆಳು ಸದ್ದು ಕೇಳಿ ಎದ್ದು ನಿಲ್ಲಲಿ ಎಂದೂ ಹೌದು. ಕಾಗದ ನೂರಾರು ಮೈಲಿ ಹೋಗುತ್ತಿತ್ತು. ಓಡಿದವರು ಮಾತ್ರ ಯಾರೂ ತಮ್ಮ ಮಜಲು ದಾಟಿ ಹೋಗುತ್ತಿರಲಿಲ್ಲ.

ನಮ್ಮ ಕಡೆಯ ಮಳೆಗಾಲದಲ್ಲಿ ಇದನ್ನು ಕಲ್ಪಿಸಿಕೊಳ್ಳಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಹೊಸನಗರದ ಹುಲಿಕಲ್ಲಿನ ಮಳೆ ಅದಕ್ಕೇನೂ ಸೋಲುವುದಿಲ್ಲ. ಜಾರುವ ಹಾದಿ, ತುಂಬಿದ ಹಳ್ಳ, ಕಾಲಿಗೆ ಹತ್ತುವ ಉಂಬಳ. ಇವತ್ತು ಓಡಲು ಮನಸ್ಸಿಲ್ಲ ಎಂದು ಅಂಚೆಯಾಳಿಗೆ ಅನ್ನಿಸಿರಲಿಕ್ಕೇ ಬೇಕು. ಆದರೂ ಹೊರಡುತ್ತಿದ್ದ. ಚೀಲ ಬಂದಿದೆ, ಆಚೆ ತುದಿಯಲ್ಲಿ ಒಬ್ಬ ಕಾಯುತ್ತಿದ್ದಾನೆ, ತಿಂಗಳ ಕೊನೆಗೆ ಸಂಬಳವಿದೆ. ಮನಸ್ಸಿನ ಮಾತು ಅಲ್ಲಿ ಬರುವುದೇ ಇಲ್ಲ.

ಇಷ್ಟೆಲ್ಲ ಯೋಚಿಸುವುದಕ್ಕೆ ನನಗೆ ಕಾರಣವಿದೆ. ನಮ್ಮ ಮನೆ ಸಾಗರದಲ್ಲಿ. ಹೊಸನಗರ ತಾಲ್ಲೂಕಿನ ಪಿಯು ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ತವರು ತೀರ್ಥಹಳ್ಳಿ. ಮಗಳಿಗೆ ಎರಡೂವರೆ ವರ್ಷ. ಮದುವೆಗೆ ಮುಂಚಿನಿಂದಲೂ ಓಡುವ ಅಭ್ಯಾಸ. ಪದಕಕ್ಕಾಗಿ ಅಲ್ಲ, ಓಡಿ ಬಂದ ದಿನ ತಲೆ ತಿಳಿಯಾಗಿರುತ್ತದೆ, ಅಷ್ಟೆ. ಕೂಸು ಹುಟ್ಟಿದ ಮೇಲೆ ಅದು ದಿನಗಟ್ಟಲೆ, ಆಮೇಲೆ ವಾರಗಟ್ಟಲೆ ನಿಂತುಹೋಗತೊಡಗಿತು. ರಾತ್ರಿ ಮೂರು ಸಲ ಎದ್ದವಳು ಬೆಳಗಿನ ಐದಕ್ಕೆ ಶೂ ಹುಡುಕುವುದು ಹೇಗೆ? ಕಾಲೇಜು ಮುಗಿಸಿ ಬಸ್ಸಿಳಿದು ಮನೆಗೆ ಬಂದರೆ ಮಗಳು ಕಾಲಿಗೆ ಸುತ್ತಿಕೊಳ್ಳುತ್ತಾಳೆ. ಅವಳನ್ನು ಬಿಡಿಸಿಕೊಂಡು ಮತ್ತೆ ಹೊರಗೆ ಹೋಗುವುದು ಓಟದಂತಿರದೆ ತಪ್ಪಿಸಿಕೊಂಡು ಓಡಿದಂತಿರುತ್ತದೆ. ಗೊತ್ತಿದ್ದವರು ಹೇಳುವುದೂ ಒಂದೇ: “ಮಗು ಹಿಂದೆ ಓಡಿದ್ರೆ ಸಾಕಲ್ವನೇ, ಬೇರೆ ಓಟ ಎಂತಕ್ಕೆ?”

ಎಂತಕ್ಕೆ ಎಂಬ ಪ್ರಶ್ನೆಗೆ ನಮ್ಮೂರಿನ ಇತಿಹಾಸದಲ್ಲಿ ಉತ್ತರವಿಲ್ಲ. ಮಲೆನಾಡಿನಲ್ಲಿ ಜನ ನಡೆದರು, ಬೇಕಾದಷ್ಟು ನಡೆದರು. ಗುಡ್ಡಕ್ಕೊಂದು ಒಂಟಿಮನೆ ಇರುವ ಸೀಮೆ ಇದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಜನರು ಎಷ್ಟು ಹೊತ್ತಿಗೂ ಕಾಡುದಾರಿಯಲ್ಲೇ ಇರುತ್ತಾರೆ. ಆದರೆ ಓಡುವುದು ಬೇರೆ. ಯಾರಾದರೂ ಓಡಿಕೊಂಡು ಬಂದರೆ ಎದೆ ಧಸಕ್ಕೆನ್ನುತ್ತಿತ್ತು ಎಂದು ನನ್ನ ಅಜ್ಜಿ ಹೇಳುತ್ತಿದ್ದರು; ಹಾವು ಕಚ್ಚಿರಬೇಕು, ಹೆರಿಗೆ ಕಷ್ಟವಾಗಿರಬೇಕು, ಇಲ್ಲವೇ ಯಾರೋ ಹೋಗಿರಬೇಕು. ಆ ಭಯ ಪೂರ್ತಿ ಹೋಗಿಲ್ಲ. ಗಣಪತಿ ಕೆರೆಯ ಹತ್ತಿರ ಓಡುವಾಗ ಹಿರಿಯರೊಬ್ಬರು ಸ್ಕೂಟರ್ ನಿಲ್ಲಿಸಿ ಕೇಳಿದ್ದರು: “ಎಂತ ಆಯ್ತು ತಂಗಿ, ಬಸ್ಸು ತಪ್ಪಿತಾ?”

ಸುಮ್ಮನೆ ಖುಷಿಗೆ ಓಡುವುದು ಲೋಕಕ್ಕೇ ಹೊಸದು. ನಮ್ಮ ನಾಡಿನ ಮೊದಲ ದೊಡ್ಡ ಓಟಗಾರರಲ್ಲೊಬ್ಬರಾದ ಬೆಳಗಾವಿ ಸೀಮೆಯ ಫಡೆಪ್ಪ ಚೌಗುಲೆಯವರನ್ನೇ ನೋಡಿ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ಓಡುವುದನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು. ಮರುವರ್ಷ ಆಂಟ್ವರ್ಪ್ ಒಲಿಂಪಿಕ್ಸಿಗೆ ಹೋದ ಸಣ್ಣ ತಂಡದಲ್ಲಿ ಚೌಗುಲೆ ಇದ್ದರು. ಅಲ್ಲಿನ ಮ್ಯಾರಥಾನ್ ಈಗಿನ 42.195 ಕಿಲೋಮೀಟರಿಗಿಂತಲೂ ಉದ್ದ, 42.75 ಕಿಲೋಮೀಟರು. ಅದನ್ನು ಎರಡು ಗಂಟೆ ಐವತ್ತು ನಿಮಿಷ ಚಿಲ್ಲರೆಯಲ್ಲಿ ಮುಗಿಸಿ ಅವರು 19ನೆಯವರಾದರು. ಮೆಚ್ಚಬೇಕಾದ ಓಟವೇ. ಆದರೂ ಅದು ಸ್ಪರ್ಧೆ, ಗೆಲ್ಲುವವರಿಗೆ, ಗಂಡಸರಿಗೆ.

ಸೋಲು ಗೆಲುವಿಲ್ಲದ ಓಟ ನಲವತ್ತು ವರ್ಷ ಕಾಯಬೇಕಾಯಿತು. 1962ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರನ ಪ್ರೇರಣೆಯಿಂದ ಜಾಗಿಂಗ್ ಮಾಡುವವರ ಸಂಘವೊಂದು ಹುಟ್ಟಿತು. ನಡುವಯಸ್ಸಿನವರು, ಹೃದಯದ ತೊಂದರೆ ಇದ್ದವರು ನಿಧಾನವಾಗಿ ಓಡಿದರು. ಅಲ್ಲಿಗೆ ಹೋಗಿದ್ದ ಅಮೆರಿಕದ ತರಬೇತುದಾರ ಬಿಲ್ ಬೋವರ್‌ಮನ್ ಅದನ್ನು ಕಂಡು, ತನ್ನೂರಿಗೆ ಮರಳಿ, 1967ರಲ್ಲಿ ಆ ಬಗ್ಗೆ ಪುಸ್ತಕವನ್ನೇ ತಂದ. ಪಕ್ಕದವರ ಜೊತೆ ಮಾತಾಡುತ್ತ ಓಡಲಾಗಬೇಕು, ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದು ತಿಳಿ ಎನ್ನುವುದು ಈ ಹೊಸ ಓಟದ ಮುಖ್ಯ ಸೂತ್ರ. ನನ್ನಂಥವರು ಓಡುತ್ತಿರುವುದು ಆ ಸೂತ್ರದ ಪುಣ್ಯದಿಂದ.

ಹೆಂಗಸರ ದಾರಿ ಇನ್ನೂ ಕಡಿದು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಮೊದಲ ಸಲ ಹೆಂಗಸರಿಗೆ 800 ಮೀಟರ್ ಓಟವಿತ್ತು. ಓಟ ಮುಗಿಸಿದವರು ಸುಸ್ತಾಗಿ ಕುಸಿದರೆಂದು ಪತ್ರಿಕೆಗಳು ಹುಯಿಲೆಬ್ಬಿಸಿದವು. ಓಡಿದ ಮೇಲೆ ಗಂಡಸರೂ ಹುಲ್ಲಿನ ಮೇಲೆ ಬೀಳುತ್ತಾರೆ, ಅದು ಸುದ್ದಿಯಾಗುವುದಿಲ್ಲ. ಆ ಓಟವನ್ನು ತೆಗೆದುಹಾಕಿದರು. ಮತ್ತೆ ಬಂದದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸಿಗೆ ಬರಲು 1984 ಆಗಬೇಕಾಯಿತು.

ಈ ನಡುವೆ ಒಬ್ಬಳು ತಾಯಿ ಓಡಿದಳು. ಹಾಲೆಂಡಿನ ಫ್ಯಾನಿ ಬ್ಲಾಂಕರ್ಸ್-ಕೊಯೆನ್. 1948ರ ಲಂಡನ್ ಒಲಿಂಪಿಕ್ಸಿನ ಹೊತ್ತಿಗೆ ಅವಳಿಗೆ ಮೂವತ್ತು ವರ್ಷ, ಮನೆಯಲ್ಲಿ ಎರಡು ಮಕ್ಕಳು. ವಯಸ್ಸಾಯಿತು ಎಂದರು ಕೆಲವರು. ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿರುವುದು ಬಿಟ್ಟು ಇದೇನು ಎಂದರು ಇನ್ನು ಕೆಲವರು. ಅವಳು ನಾಲ್ಕು ಚಿನ್ನದ ಪದಕ ಗೆದ್ದಳು. ಊರಿಗೆ ಮರಳಿದಾಗ ಮೆರವಣಿಗೆ ಮಾಡಿದರು. ಇನ್ನು ಅಷ್ಟೊಂದು ಓಡಬೇಕಿಲ್ಲ ಎಂದು ನೆರೆಹೊರೆಯವರು ಒಂದು ಸೈಕಲ್ ಕೊಟ್ಟರು.

ಈ ಕಥೆಯನ್ನು ಛಲದ ಕಥೆಯಾಗಿ ಹೇಳುವವರೇ ಹೆಚ್ಚು. ನನಗೆ ಅದರಲ್ಲಿ ಬೇಕಾದದ್ದು ಬೇರೆ ಎರಡು ವಿವರ. ಅವಳ ಅಭ್ಯಾಸ ವಾರಕ್ಕೆ ಎರಡೇ ದಿನ, ಒಂದೆರಡು ಗಂಟೆ. ಮಕ್ಕಳನ್ನು ಮೈದಾನಕ್ಕೇ ಕರೆದೊಯ್ಯುತ್ತಿದ್ದಳು, ತರಬೇತುದಾರ ಅವಳ ಗಂಡನೇ. ಅಂದರೆ ಅವಳಿಗೂ ಒಂದು ಮಜಲು ಗೊತ್ತಾಗಿತ್ತು. ಮಜಲಿನ ತುದಿಯಲ್ಲಿ ಒಬ್ಬರು ಇದ್ದರು.

ಅಂಚೆಯಾಳಿನಿಂದ ನಾನು ಕಲಿತದ್ದೂ ಇದೇ. ಓಡುವ ಉತ್ಸಾಹವನ್ನು ನಾವು ಎದೆಯೊಳಗೆ ಹುಡುಕುತ್ತೇವೆ. ಮೊಬೈಲಿನಲ್ಲಿ ಯಾರದೋ ಭಾಷಣ ಕೇಳಿ ಎರಡು ದಿನ ಹೊತ್ತಿಸಿಕೊಳ್ಳುತ್ತೇವೆ, ಮೂರನೆಯ ದಿನ ಮಗುವಿಗೆ ಜ್ವರ ಬಂದರೆ ಆರಿಹೋಗುತ್ತದೆ. ಆಮೇಲೆ ನನ್ನಲ್ಲೇ ಏನೋ ಕೊರತೆ ಎಂದು ಕೊರಗುತ್ತೇವೆ. ಚಿಕ್ಕ ಮಗುವಿರುವ ಮನೆಯಲ್ಲಿ ಓಟ ನಿಲ್ಲುವುದು ಉತ್ಸಾಹವಿಲ್ಲದೆ ಅಲ್ಲ, ಕೂಸನ್ನು ಕೊಡಲು ಕೈಯಿಲ್ಲದೆ. ಆ ಕೈ ಗೊತ್ತಾದ ದಿನ ಕಾಲು ತಾನಾಗಿ ಹೊರಡುತ್ತದೆ.

ಹಾಗಾಗಿ ನಮ್ಮಲ್ಲಿ ಈಗ ಒಂದು ಏರ್ಪಾಡಿದೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ನನ್ನವು. ನನ್ನ ಗಂಡನಿಗೆ ಷಟಲ್ ಆಟದ ಹುಚ್ಚು. ಬುಧವಾರ, ಶನಿವಾರ ಅವರವು. ಯಾರ ದಿನವೋ ಅವರು ಹೋಗಲೇಬೇಕು. “ಇವತ್ತು ಬೇಡ ಬಿಡು” ಎಂದರೆ ಇನ್ನೊಬ್ಬರು ಎದ್ದು ಕೂತದ್ದು ದಂಡವಾಗುತ್ತದಲ್ಲ! ಒಂದು ಸಲಕ್ಕೆ ಅರ್ಧ ಗಂಟೆ. ನಾಲ್ಕು ಕಿಲೋಮೀಟರು ಆದರೆ ಆಯಿತು, ಮೂರಾದರೂ ಸರಿ. ಹಳೆಯ ವೇಗವನ್ನು ಕೇಳುವುದಿಲ್ಲ. ತವರಿಗೆ ಹೋದಾಗ ಅಮ್ಮ ಮಗುವನ್ನು ಹಿಡಿದರೆ ತುಂಗೆಯ ಕಮಾನು ಸೇತುವೆಯವರೆಗೆ ಹೋಗಿ ಬರುತ್ತೇನೆ.

ಋತುಗಳ ಜೊತೆಗೂ ರಾಜಿಯಿದೆ. ಆಷಾಢ ಶ್ರಾವಣಗಳಲ್ಲಿ ವಾರಕ್ಕೊಂದು ಓಟ ಸಿಕ್ಕಿದರೆ ದೊಡ್ಡದು. ಉಳಿದ ದಿನ ಜಗುಲಿಯಲ್ಲೇ ಹಗ್ಗ ಜಿಗಿತ. ಮಗಳೂ ಪಕ್ಕದಲ್ಲಿ ಹಗ್ಗವಿಲ್ಲದೆ ಜಿಗಿಯುತ್ತಾಳೆ. ಮಳೆ ನಿಂತು ಹವೆ ತಂಪಾದಾಗ ಕಾಡಿನ ದಾರಿ ಕರೆಯುತ್ತದೆ, ಆದರೆ ಡಿಸೆಂಬರಿನಿಂದ ಬೇಸಗೆ ಮುಗಿಯುವವರೆಗೆ ಉಣುಗಿನ ಭಯ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಮನೆಯಲ್ಲಿ ಮಗುವಿರುವವಳು ತರಗೆಲೆ ತುಳಿದು ಓಡಬಾರದು. ಡಾಂಬರು ರಸ್ತೆಯೇ ಗತಿ.

ಕೆಲವೊಮ್ಮೆ ಬಸ್ಸಿನಲ್ಲಿ ಕೂತು ಹಳೆಯ ಅಂಚೆದಾರಿ ಎಲ್ಲಿ ಹೋಗಿದ್ದಿರಬಹುದು ಎಂದು ನೋಡುತ್ತೇನೆ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಹಾದು, ಸಾಗರ ಸೀಮೆಗೆ ಇಳಿಯುವ ಹೊಳೆ. ನನ್ನ ಮೂರೂ ಊರುಗಳನ್ನು ಹೊಲಿದ ದಾರ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಊರುಗಳ ಜೊತೆ ಎಷ್ಟೋ ಹಳೆಯ ದಾರಿಗಳೂ ಮುಳುಗಿದವು. ಅವುಗಳ ಮೇಲೆ ಓಡಿದವರ ಹೆಸರುಗಳನ್ನು ಎಲ್ಲಿ ಹುಡುಕುವುದು? ಅಂಚೆಯ ಚರಿತ್ರೆಯಲ್ಲಿ ಅರಸರಿದ್ದಾರೆ, ಅಧಿಕಾರಿಗಳಿದ್ದಾರೆ, ವಿಲೀನದ ಇಸವಿಯಿದೆ. ಆಳು ಬರೀ ಆಳು. ಅವನು ನಡುರಾತ್ರಿ ಗೆಜ್ಜೆಕೋಲು ಹಿಡಿದು ಹೊರಟಾಗ ಅಳುವ ಕೂಸನ್ನು ಎತ್ತಿಕೊಂಡು ಬಾಗಿಲು ಹಾಕಿಕೊಂಡವಳು ಆಳೆಂಬ ಲೆಕ್ಕಕ್ಕೂ ಬರುವುದಿಲ್ಲ. ರಾಜ್ಯದ ಕಾಗದ ವೇಳೆಗೆ ಮುಟ್ಟಿದ್ದರಲ್ಲಿ ಅವಳ ಪಾಲೂ ಇತ್ತು.

ಓಡುವವರು ದಿನಚರಿ ಇಡುವುದುಂಟು: ತಾರೀಖು, ದೂರ, ಸಮಯ. ನಾನು ಸಮಯದ ಸಾಲನ್ನು ಹೊಡೆದುಹಾಕಿ ಅಲ್ಲಿ ಬೇರೊಂದು ಬರೆಯುತ್ತಿದ್ದೇನೆ. ಕಳೆದ ತಿಂಗಳ ಹಾಳೆ ಹೀಗಿದೆ. ಮಂಗಳವಾರ, ನಾಲ್ಕು ಕಿಲೋಮೀಟರು, ಕೂಸು ಇವರ ಹತ್ತಿರ. ಶುಕ್ರವಾರ, ಮೂರೂವರೆ, ಕೂಸು ಅತ್ತೆಯ ಹತ್ತಿರ. ಭಾನುವಾರ ತೀರ್ಥಹಳ್ಳಿಯಲ್ಲಿ, ಐದು, ಕೂಸು ಅಮ್ಮನ ಹತ್ತಿರ. ಮಂಗಳವಾರ, ಸೊನ್ನೆ, ಕೂಸಿಗೆ ಜ್ವರ, ನನ್ನ ಹತ್ತಿರ. ಶುಕ್ರವಾರ, ನಾಲ್ಕು, ಇವರ ಹತ್ತಿರ.