ಕೊಂಕಣದ ಬೆನೆ ಇಸ್ರೇಲರು ಮತ್ತು ಯೆಹೂದ್ಯ ಐಕ್ಯದ ಪ್ರಶ್ನೆ

ಚದರಿಹೋದ ಜನಾಂಗವೊಂದು ತನ್ನ ಮೂಲಕ್ಕೆ ಹಿಂದಿರುಗಿ ಒಂದಾಗುತ್ತದೆಂಬ ಮಾತು ಯೆಹೂದ್ಯರ ಇತಿಹಾಸವನ್ನು ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಆ ಮೂಲವೆಂಬುದು ಯಾವುದು? ಪೂರ್ವಿಕರಿಂದ ಬಂದ ನೆನಪೆ, ಗ್ರಂಥಸ್ಥವಾದ ಧರ್ಮಶಾಸ್ತ್ರವೆ? ಇವೆರಡನ್ನೂ ಒಂದೆಂದೇ ಭಾವಿಸಿದಲ್ಲಿ ಒದಗುವ ತೊಡಕನ್ನು ಕೊಂಕಣ ತೀರದ ಬೆನೆ ಇಸ್ರೇಲರ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದಾದ್ದರಿಂದ ನಾವು ಅದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಹಡಗು ಒಡೆದು ಅಲಿಬಾಗಿನ ಬಳಿಯ ನವಗಾಂವ್ ತೀರವನ್ನು ಸೇರಿದ ಏಳು ದಂಪತಿಗಳ ಸಂತತಿ ತಾವೆಂದು ಇವರು ಹೇಳಿಕೊಳ್ಳುತ್ತ ಬಂದಿದ್ದಾರೆ. ಅದು ನಡೆದ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಐತಿಹ್ಯವನ್ನು ಶಾಸನದಂತೆ ಓದುವುದೂ ಸಲ್ಲದು. ಆದರೆ ಮರಾಠಿಯನ್ನಾಡುತ್ತ, ಎಣ್ಣೆ ತೆಗೆದು ಜೀವಿಸುತ್ತಿದ್ದ ಈ ಜನ ಶನಿವಾರದಂದು ಗಾಣವನ್ನು ಆಡಿಸುತ್ತಿರಲಿಲ್ಲವೆಂಬುದು ನಿಶ್ಚಿತ. ನೆರೆಹೊರೆಯವರು ಇವರನ್ನು 'ಶನಿವಾರ ತೇಲಿ', ಎಂದರೆ ಶನಿವಾರದ ಗಾಣಿಗರು, ಎಂದು ಕರೆದುದು ಆ ಕಾರಣದಿಂದಲೇ. ಇವರಲ್ಲಿ ಹೀಬ್ರೂ ಗ್ರಂಥಗಳಿರಲಿಲ್ಲ, ರಬ್ಬಿಗಳಿರಲಿಲ್ಲ. ಎಂಟನೆಯ ದಿನದ ಸುನ್ನತಿ, ಕೆಲವು ಆಹಾರನಿಯಮಗಳು, ದೇವರು ಒಬ್ಬನೇ ಎಂದು ಸಾರುವ 'ಶೆಮಾ' ಎಂಬ ವಾಕ್ಯ, ಇಷ್ಟು ಮಾತ್ರ ಉಳಿದಿದ್ದುವು. ಡೇವಿಡ್ ರಹಾಬಿ ಎಂಬ ಯೆಹೂದ್ಯನು ಇವರನ್ನು ಪರೀಕ್ಷಿಸಲು ಮೀನುಗಳನ್ನು ತಂದುಕೊಟ್ಟನಂತೆ. ಹೆಂಗಸರು ರೆಕ್ಕೆ ಹಾಗೂ ಹುರುಪೆಗಳಿಲ್ಲದ ಮೀನುಗಳನ್ನು ಬೇರೆಯಾಗಿ ತೆಗೆದಿಟ್ಟರಂತೆ. ಕಥೆಯ ಸತ್ಯಾಸತ್ಯತೆ ಏನೇ ಇರಲಿ, ಶಾಸ್ತ್ರವು ಮರೆತುಹೋದೆಡೆಯಲ್ಲಿ ಅಡಿಗೆಮನೆಯು ಅದನ್ನು ಉಳಿಸಿಕೊಂಡಿತ್ತೆಂಬ ನಂಬಿಕೆ ಅದರಲ್ಲಿದೆ.

ಗ್ರಂಥದ ಕಡೆಗಿನ ಮರಳುವಿಕೆ ತಡವಾಗಿ ಮೊದಲಾಯಿತು. ಮುಂಬಯಿಯಲ್ಲಿ ಇವರ ಮೊದಲ ಪ್ರಾರ್ಥನಾಮಂದಿರವನ್ನು 1796ರಲ್ಲಿ ಕಟ್ಟಿಸಿದವನು ಕಂಪೆನಿಯ ಸೈನ್ಯದಲ್ಲಿದ್ದ ಸಾಮ್ಯುಯೆಲ್ ಎಜೆಕಿಯೆಲ್ ದಿವೇಕರ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾಗಿ, ಬದುಕಿ ಬಂದುದಕ್ಕಾಗಿ ಅವನು ಸಲ್ಲಿಸಿದ ಹರಕೆ ಇದೆಂದು ಸಮುದಾಯವು ಸ್ಮರಿಸುತ್ತದೆ. ಅನಂತರ ಕೊಚ್ಚಿಯ ಯೆಹೂದ್ಯರು ಉಪಾಧ್ಯಾಯರಾಗಿ ಬಂದರು. ಕ್ರೈಸ್ತ ಪಾದ್ರಿಯಾದ ಜಾನ್ ವಿಲ್ಸನ್ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನು ಬರೆದನು. ಮತಾಂತರವನ್ನು ಬಯಸಿದವರು ಕಲಿಸಿದ ಅಕ್ಷರವೇ ಇವರನ್ನು ಯೆಹೂದ್ಯಧರ್ಮದಲ್ಲಿ ಇನ್ನಷ್ಟು ಗಟ್ಟಿಗೊಳಿಸಿತೆಂಬುದು ವಿನೋದದ ಸಂಗತಿಯಾಗಿದೆ.

1948ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪಿತವಾದಮೇಲೆ ಸಾವಿರಾರು ಮಂದಿ ಅಲ್ಲಿಗೆ ತೆರಳಿದರು. ಮೂಲಕ್ಕೆ ಮರಳಿದವರಿಗೆ ಅಲ್ಲಿ ದೊರೆತದ್ದು ಸಂಶಯ. ಶತಮಾನಗಳ ಕಾಲ ರಬ್ಬಿಗಳಿಲ್ಲದೆ ನಡೆದ ಇವರ ವಿವಾಹ ವಿಚ್ಛೇದನಗಳು ಶಾಸ್ತ್ರಸಮ್ಮತವಾಗಿದ್ದುವೆ ಎಂಬುದು ಧರ್ಮಾಧಿಕಾರಿಗಳ ಪ್ರಶ್ನೆ. ಇತರ ಯೆಹೂದ್ಯರೊಡನೆ ವಿವಾಹವಾಗಬಯಸುವ ಬೆನೆ ಇಸ್ರೇಲರ ವಂಶವನ್ನು ವಿಚಾರಿಸಬೇಕೆಂದು 1962ರಲ್ಲಿ ಮುಖ್ಯ ರಬ್ಬಿ ಯಿಟ್ಝಾಕ್ ನಿಸ್ಸಿಮ್ ನಿರ್ದೇಶನಗಳನ್ನು ಹೊರಡಿಸಿದರು. ಶಾಸ್ತ್ರದ ದೃಷ್ಟಿಯಿಂದ ಈ ಪ್ರಶ್ನೆ ಅಸಂಗತವಲ್ಲ. ಆದರೆ ಒಂದೇ ಸಮುದಾಯವನ್ನು ಹೆಸರಿಸಿ ವಿಚಾರಣೆಗೆ ಗುರಿಪಡಿಸಿದುದು ನ್ಯಾಯವೆಂದು ನಾವು ಒಪ್ಪಲಾರೆವು. ಗ್ರಂಥವಿಲ್ಲದೆಯೂ ಶನಿವಾರವನ್ನು ಬಿಡದಿದ್ದವರಿಗೆ, ಗ್ರಂಥವಿರಲಿಲ್ಲವೆಂಬುದೇ ದೋಷವಾಯಿತು. ಪ್ರತಿಭಟನೆಗಳು ಬೆಳೆದು, 1964ರ ಆಗಸ್ಟಿನಲ್ಲಿ ಇಸ್ರೇಲಿನ ಸಂಸತ್ತು ಸೇರಿ, ಬೆನೆ ಇಸ್ರೇಲರು ಎಲ್ಲ ರೀತಿಯಿಂದಲೂ ಯೆಹೂದ್ಯರೆಂಬ ಸರಕಾರದ ನಿಲುವನ್ನು ಅನುಮೋದಿಸಿತು. ನಿರ್ದೇಶನಗಳಲ್ಲಿದ್ದ ಇವರ ಹೆಸರನ್ನು ತೆಗೆದುಹಾಕಲಾಯಿತು.

ಇಂದು ಭಾರತದಲ್ಲಿ ಉಳಿದಿರುವವರು ಕೆಲವೇ ಸಾವಿರ ಮಂದಿ. ಇಸ್ರೇಲಿನಲ್ಲಿ ನೆಲೆಸಿದವರ ಮನೆಗಳಲ್ಲಿಯೂ ಪ್ರವಾದಿ ಎಲೀಯನ ಹೆಸರಿನಲ್ಲಿ ಅವಲಕ್ಕಿ, ತೆಂಗಿನತುರಿ, ಹಣ್ಣುಗಳನ್ನಿಟ್ಟು ಆಚರಿಸುವ 'ಮಲಿದಾ' ನಿಂತಿಲ್ಲ.