ಅಶ್ವಾರೋಹಿಗಳ ಕೇಶಬಂಧನ

ಬಿಟ್ಟಂಗಾಲವು ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ಮಾರ್ಗದಲ್ಲಿರುವ ಗ್ರಾಮ. ಅಲ್ಲಿಯ ಕಾಫಿತೋಟಗಳ ಓಣಿಗಳ ಮೇಲೆ ಉಭಯಪಾರ್ಶ್ವಗಳ ವೃಕ್ಷಗಳು ಕೊಂಬೆಗಳನ್ನು ಚಾಚಿ ಚಪ್ಪರ ಹಾಕಿದಂತೆ ನಿಂತಿರುವುವು. ಕಾಲ್ನಡೆಯವನಿಗೆ ಅದು ನೆರಳು. ಕುದುರೆಯ ಮೇಲೆ ಕುಳಿತವನಿಗೆ ಅದೇ ಕಂಟಕ. ಸಾಧಾರಣವಾದ ಕುದುರೆಯನ್ನೇರಿದ ಮನುಷ್ಯನ ತಲೆಯು ನೆಲದಿಂದ ಸುಮಾರು 8 ಅಡಿಗಳ ಎತ್ತರದಲ್ಲಿರುವುದಷ್ಟೆ. ಕೊಂಬೆಗಳು ಬಾಗುವುದೂ ಹೆಚ್ಚುಕಡಮೆ ಅಷ್ಟೇ ಎತ್ತರಕ್ಕೆ. ಅಂತಹ ದಾರಿಯಲ್ಲಿ ನೀಳವಾದ ಕೂದಲನ್ನು ಬಿಚ್ಚಿಕೊಂಡು ಕುದುರೆಯನ್ನು ಓಡಿಸುವವರ ಗತಿಯೇನಾಗುವುದೆಂಬುದನ್ನು ವಾಚಕರೇ ಊಹಿಸಬಹುದು.

ಕೊಡಗು ಕುದುರೆಯ ನಾಡಲ್ಲ. ಕಡಿದಾದ ಏರಿಳಿತ, ಕೆಸರು ತುಂಬಿದ ಗದ್ದೆ, ಎಡೆಬಿಡದ ಮಳೆ, ಜಿಗಣೆ, ಇವುಗಳ ನಡುವೆ ಅಶ್ವದಳಕ್ಕೆ ಅವಕಾಶವೆಲ್ಲಿ? ಕೊಡವರ ಯುದ್ಧಕೌಶಲವೆಲ್ಲವೂ ಕಾಲಾಳಿನದು; ಕಡಂಗಗಳ ಮರೆಯಲ್ಲಿ ನಿಂತು ಕೋವಿ ಹಿಡಿದು, ಒಡಿಕತ್ತಿಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು ಕಾದವರ ಕೌಶಲವದು. ಆದರೂ ಕುದುರೆಯು ಈ ನಾಡಿಗೆ ಅಪರಿಚಿತವಾದುದಲ್ಲ. ಕುಂದದ ಬೋಡ್ ನಮ್ಮೆಯಲ್ಲಿ ಕುದುರೆಯ ಆಕೃತಿಯನ್ನು ಮಾಡಿ ಮೆರೆಸುವುದನ್ನು ಕಾಣದವರು ದಕ್ಷಿಣ ಕೊಡಗಿನಲ್ಲಿ ವಿರಳ. ಹಾಲೇರಿಯ ಅರಸರಿಗೆ ಕುದುರೆಗಳಿದ್ದುವು; ಮೈಸೂರಿನಿಂದ ಏರಿ ಬಂದ ಶತ್ರುಗಳೂ ಕುದುರೆಗಳನ್ನು ತಂದರು; ಕ್ರಿ.ಶ. 1854ರ ತರುವಾಯ ಕಾಫಿ ಬೆಳೆಸಲು ಬಂದ ಐರೋಪ್ಯ ತೋಟಗಾರರು ಕುದುರೆಯ ಮೇಲೆಯೇ ತೋಟ ಸುತ್ತಿದರು. ಆದಕಾರಣ ಕುದುರೆಯೇರುವವರು ತಮ್ಮ ಕೂದಲನ್ನು ಪೂರ್ವದಲ್ಲಿ ಹೇಗೆ ಕಟ್ಟುತ್ತಿದ್ದರೆಂಬ ವಿಚಾರವು ಇಲ್ಲಿಗೆ ಅಪ್ರಸ್ತುತವಾಗಲಾರದು.

ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೀಳವಾದ ಕೂದಲು ಸ್ತ್ರೀಯರ ಸೊತ್ತು, ಗಿಡ್ಡವಾದುದು ಪುರುಷರದು ಎಂಬ ವಿಭಾಗವು ನಮ್ಮ ದೇಶದಲ್ಲಿ ತೀರ ಈಚಿನದು. ನಮ್ಮ ಪೂರ್ವಿಕರಲ್ಲಿ ಪುರುಷರೂ ಉದ್ದನೆಯ ಕೂದಲನ್ನು ಬೆಳೆಸುತ್ತಿದ್ದರು. ಹೀಗಿರುವುದರಿಂದ ಕೇಶಬಂಧನವು ಅಲಂಕಾರಕ್ಕೆ ಮಾತ್ರ ಸೇರಿದ ವಿಷಯವಾಗಿರಲಿಲ್ಲ. ಸೈನಿಕನ ಪ್ರಾಣಕ್ಕೂ ಸೇರಿತ್ತು.

ಇದಕ್ಕೆ ಭಾಷೆಯೇ ಸಾಕ್ಷಿ. ಸಂಸ್ಕೃತದಲ್ಲಿ ಕೇಶಾಕೇಶಿ ಎಂಬ ಪದವುಂಟು. ಪರಸ್ಪರ ಕೂದಲನ್ನು ಹಿಡಿದುಕೊಂಡು ನಡೆಯುವ ಕಾಳಗಕ್ಕೆ ಆ ಹೆಸರು. ಮುಷ್ಟಿಯಿಂದ ಗುದ್ದಾಡುವುದು ಮುಷ್ಟಾಮುಷ್ಟಿ, ದಂಡದಿಂದ ಹೊಡೆದಾಡುವುದು ದಂಡಾದಂಡಿ ಆಗುವಂತೆಯೇ ಇದೂ ಆಗುವುದು. ಪಾಣಿನಿ ಮಹರ್ಷಿಯು ಇಂತಹ ಪದಗಳ ಸಿದ್ಧಿಗಾಗಿ ಪ್ರತ್ಯೇಕವಾಗಿ ಸೂತ್ರ ರಚಿಸಬೇಕಾಯಿತೆಂದರೆ ಲೋಕದಲ್ಲಿ ಆ ಕಾಳಗವು ಎಷ್ಟು ರೂಢವಾಗಿದ್ದಿರಬೇಕು! ಭಾರತದ ಕಥೆಯನ್ನು ನೋಡಿದರೂ ಇದೇ. ಭೂರಿಶ್ರವನು ಸಾತ್ಯಕಿಯನ್ನು ಕೆಡಹಿ ಕೂದಲನ್ನೇ ಹಿಡಿದು ಖಡ್ಗವನ್ನೆತ್ತಿದನು. ಧೃಷ್ಟದ್ಯುಮ್ನನು ದ್ರೋಣಾಚಾರ್ಯರ ನರೆತ ಕೂದಲನ್ನು ಹಿಡಿದು ಶಿರಚ್ಛೇದ ಮಾಡಿದನು. ಅವನ ಕೂದಲನ್ನು ಹಿಡಿದು ಅಶ್ವತ್ಥಾಮನು ಆ ಋಣವನ್ನು ತೀರಿಸಿದನು. ಕನ್ನಡದಲ್ಲಿ ಒಬ್ಬನು ಇನ್ನೊಬ್ಬನಿಗೆ ಅಧೀನನಾದರೆ ಅವನ ಜುಟ್ಟು ಇವನ ಕೈಯಲ್ಲಿದೆ ಎನ್ನುವ ವಾಡಿಕೆಯುಂಟು. ಅದು ಬರಿಯ ಮಾತಿನ ಚಮತ್ಕಾರವಲ್ಲ. ಕೂದಲು ಕೈಗೆ ಸಿಕ್ಕಿದವನ ಕುತ್ತಿಗೆಯೂ ಸಿಕ್ಕಿದಂತೆಯೇ ಎಂಬ ರಣರಂಗದ ಅನುಭವವದು.

ಇದಕ್ಕಿಂತಲೂ ಗಮನಾರ್ಹವಾದ ಆಧಾರವು ಧರ್ಮಶಾಸ್ತ್ರದಲ್ಲಿದೆ. ಯುದ್ಧದಲ್ಲಿ ಯಾರನ್ನು ಕೊಲ್ಲಕೂಡದೆಂದು ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ಹೇಳುವಾಗ, ಕೈಮುಗಿದವನು, ಕುಳಿತವನು, ನಿನ್ನವನಾದೆನೆಂದು ಶರಣುಬಂದವನು ಇವರ ಪಂಕ್ತಿಯಲ್ಲಿಯೇ ಮುಕ್ತಕೇಶನನ್ನೂ, ಅಂದರೆ ಕೂದಲು ಬಿಚ್ಚಿಹೋದವನನ್ನೂ, ಸೇರಿಸಿದೆ. ಗೌತಮ, ಆಪಸ್ತಂಬರ ಧರ್ಮಸೂತ್ರಗಳಲ್ಲಿಯೂ ಕೆದರಿದ ಕೂದಲಿನವನಿಗೆ ಇದೇ ರಕ್ಷೆ. ಕೂದಲು ಬಿಚ್ಚಿದವನು ಮುಂದೆ ಕಾಣಲಾರ, ಕತ್ತಿಯನ್ನು ಸರಿಯಾಗಿ ಬೀಸಲಾರ. ಅವನು ಯುದ್ಧಕ್ಕೆ ಅಶಕ್ತನಾದವನು ಎಂಬುದೇ ಇದರ ತಾತ್ಪರ್ಯವಾಗಿ ತೋರುವುದು.

ಇಂತಿರಲು, ಈಗಿನ ಚಿತ್ರಪಟಗಳಲ್ಲಿಯೂ ನಾಟಕಗಳಲ್ಲಿಯೂ ವೀರರಾಣಿಯರು ಕುದುರೆಯನ್ನೇರಿ ಕೇಶರಾಶಿಯನ್ನು ಗಾಳಿಗೆ ಹಾರಿಸುತ್ತ ಶತ್ರುಗಳ ಮೇಲೆ ಬೀಳುವಂತೆ ತೋರಿಸುವ ವಾಡಿಕೆಯನ್ನು ಏನೆನ್ನಬೇಕು? 1671ರಿಂದ ಸುಮಾರು ಕಾಲು ಶತಮಾನದವರೆಗೆ ರಾಜ್ಯವಾಳಿ, ಔರಂಗಜೇಬನ ಸೈನ್ಯಕ್ಕೆ ಅಂಜದೆ ರಾಜಾರಾಮನಿಗೆ ಆಶ್ರಯವಿತ್ತ ಕೆಳದಿಯ ಚೆನ್ನಮ್ಮಾಜಿಯಾಗಲಿ, 1824ರಲ್ಲಿ ಕಂಪೆನಿಯವರನ್ನು ಇದಿರಿಸಿದ ಕಿತ್ತೂರಿನ ಚೆನ್ನಮ್ಮನಾಗಲಿ, ರಣನೀತಿಯನ್ನು ಬಲ್ಲವರು. ಬಿಚ್ಚಿದ ಕೂದಲು ಶರಣಾಗತಿಯ ಚಿಹ್ನೆಯೆಂದು ಶಾಸ್ತ್ರವೇ ಎಣಿಸುವ ದೇಶದಲ್ಲಿ, ಅವರ ತಲೆಗೆ ಅದೇ ಚಿಹ್ನೆಯನ್ನು ಕಟ್ಟುವುದು ಗೌರವವಲ್ಲ. ದ್ರೌಪದಿಯ ಬಿಚ್ಚುಮುಡಿಯನ್ನು ಕೆಲವರು ಇದಕ್ಕೆ ದೃಷ್ಟಾಂತವಾಗಿ ತರಬಹುದು. ಆದರೆ ಅದು ಅವಮಾನದ, ಪ್ರತಿಜ್ಞೆಯ ಗುರುತು, ಸವಾರಿಯ ವೇಷವಲ್ಲ. ಆ ಪ್ರತಿಜ್ಞೆ ನೆರವೇರಿದಾಗ ನಡೆದುದೂ ಮುಡಿಯನ್ನು ಕಟ್ಟುವುದೇ.

ಶಿಲ್ಪಿಗಳು ಚಿತ್ರಕಾರರಿಗಿಂತ ಎಚ್ಚರವುಳ್ಳವರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಜಗತಿಯ ಮೇಲ್ಗಡೆ ಆನೆ, ಸಿಂಹ, ಲತೆ ಮೊದಲಾದ ಪಟ್ಟಿಕೆಗಳ ಜೊತೆಗೆ ಕುದುರೆ ಸವಾರರ ಒಂದು ಪಟ್ಟಿಕೆ ಸುತ್ತಲೂ ಹರಿದಿದೆ. ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಅಂತಹ ಪಟ್ಟಿಕೆಯುಂಟು. ಹೊಯ್ಸಳ ಶಿಲ್ಪದ ಪುರುಷರ ಕೂದಲು ಸಾಮಾನ್ಯವಾಗಿ ಹಿಂದಕ್ಕೆ ಬಾಚಿ ಗಂಟು ಹಾಕಿದುದು. ಅಮರಕೋಶವು ಧಮ್ಮಿಲ್ಲವೆಂದು ಕರೆಯುವುದೂ ಹೀಗೆ ಬಂಧಿಸಲ್ಪಟ್ಟ ಕೂದಲನ್ನೇ. ಇವರಿಗಿಂತ ಹಿಂದೆ, 12ನೆಯ ಶತಮಾನದ ಪೂರ್ವಾರ್ಧದಲ್ಲಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ವಾಜಿವಾಹ್ಯಾಲೀ ವಿನೋದವೆಂಬ ಭಾಗವುಂಟು. ಸವಾರರು ಎರಡು ಪಕ್ಷಗಳಾಗಿ ಕೋಲುಗಳಿಂದ ಚೆಂಡನ್ನು ಹೊಡೆಯುತ್ತ ಆಡುವ ಆಟವದು. ಈಗಿನವರು ಪೋಲೋ ಎನ್ನುವುದಕ್ಕೆ ಬಹಳ ಹತ್ತಿರ. ಅಷ್ಟು ವೇಗದ ಆಟದಲ್ಲಿ ಕಣ್ಣಿಗೆ ಕೂದಲು ಬಿದ್ದರೆ ಚೆಂಡು ಮಾತ್ರವಲ್ಲ, ಕುದುರೆಯೂ ಕೈತಪ್ಪುವುದು.

ಗಂಟಿನ ಮೇಲೆ ಟೊಪ್ಪಿಗೆ ಬಂದುದು ವಿಜಯನಗರದ ಕಾಲದಲ್ಲಿ. ಪಾರಸಿಕರ ಕುಲಾಹ ಎಂಬ ಶಬ್ದವು ನಮ್ಮಲ್ಲಿ ಕುಳ್ಳಾಯಿಯಾಯಿತು. ನೀಳವಾಗಿ ಶಂಕುವಿನಂತೆ ಏರಿದ ಈ ಟೊಪ್ಪಿಗೆಯನ್ನು ಲೇಪಾಕ್ಷಿಯ ವರ್ಣಚಿತ್ರಗಳಲ್ಲಿಯೂ, ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹಮೂರ್ತಿಯ ಶಿರಸ್ಸಿನಲ್ಲಿಯೂ ನೋಡಬಹುದು. ಸುಮಾರು 1520ರಲ್ಲಿ ಬಂದಿದ್ದ ಪೋರ್ತುಗೀಸ ಪ್ರವಾಸಿ ಪಾಯಸನು ರಾಯನ ಟೊಪ್ಪಿಗೆಯನ್ನು ತನ್ನ ದೇಶದ ಕಡೆಯ ಶಿರಸ್ತ್ರಾಣಕ್ಕೆ ಹೋಲಿಸಿದ್ದಾನೆ. ತೆಲುಗಿನ ಕವಿಸಾರ್ವಭೌಮ ಶ್ರೀನಾಥನು ಕರ್ಣಾಟಕದ ಆಸ್ಥಾನದಲ್ಲಿ ಕುಳ್ಳಾಯಿ ತೊಡಬೇಕಾಯಿತೆಂದು ಗೊಣಗಿದ ಚಾಟುಪದ್ಯವು ಪ್ರಸಿದ್ಧವಾದುದು. ಪಾಪ, ಅವನು ಕುದುರೆಯ ಮೇಲಿರಲಿಲ್ಲ. ಇದ್ದಿದ್ದರೆ ಅಷ್ಟು ಗೊಣಗುತ್ತಿರಲಿಲ್ಲವೋ ಏನೋ! ನೆತ್ತಿಯ ಮೇಲಿನ ಗಂಟಿಗೆ ಒಳಗೆ ಸ್ಥಳವನ್ನಿತ್ತು ಹಣೆಯ ಸುತ್ತ ಬಿಗಿಯಾಗಿ ಕೂಡುವ ಅಂತಹ ಟೊಪ್ಪಿಗೆಯು ಉದ್ದಗೂದಲಿನ ಸವಾರನಿಗೆ ಅನುಕೂಲವಾದುದೇ. ಅರಬ್ಬೀ ಕುದುರೆಗಳು ಪಶ್ಚಿಮದ ರೇವುಗಳಲ್ಲಿ ಇಳಿದು ಘಟ್ಟವನ್ನೇರುತ್ತಿದ್ದ ಕಾಲದಲ್ಲಿಯೇ ಪಾರಸಿಕರ ಟೊಪ್ಪಿಗೆಯೂ ನಮ್ಮವರ ತಲೆಯೇರಿತು.

ಅನಂತರ ಬಂದುದು ಪಾಗು, ರುಮಾಲು, ಮುಂಡಾಸುಗಳ ಕಾಲ. ಅನೇಕ ಸುತ್ತುಗಳ ಬಟ್ಟೆಯು ಒಳಗಿನ ಜುಟ್ಟನ್ನು ಹಿಡಿದಿಡುವುದಲ್ಲದೆ ಕತ್ತಿಯ ಏಟನ್ನೂ ಬಿದ್ದ ಏಟನ್ನೂ ಮೃದುಮಾಡುವುದು. ಅದರ ದೋಷವೊಂದೇ: ಕುದುರೆಯು ನೆಗೆದಾಗ ಹಾರಿಹೋಗುವುದು. ಅದಕ್ಕಾಗಿ ಮರಾಠಾ ಸವಾರರು ಪಗಡಿಯ ಮೇಲಿನಿಂದ ಇನ್ನೊಂದು ಬಟ್ಟೆಯನ್ನು ತಂದು ಗಲ್ಲದ ಕೆಳಗೆ ಕಟ್ಟುತ್ತಿದ್ದರು. ಈ ಗಲ್ಲಪಟ್ಟಿಯು ನೋಡಲು ಹಲ್ಲುನೋವಿನವರ ಕಟ್ಟಿನಂತಿದ್ದರೂ ಬಹಳ ವಿವೇಕದ ಏರ್ಪಾಡು. ಅಶ್ವದಳದ ನಾಯಕತ್ವದಲ್ಲಿ ಅಸಾಧಾರಣನಾದ ಹೈದರಾಲಿಯಾದರೋ ಸಮಸ್ಯೆಯನ್ನು ಬೇರುಸಹಿತವಾಗಿಯೇ ಕಿತ್ತಿದ್ದನು; ಅವನು ಗಡ್ಡ ಮೀಸೆಗಳನ್ನಲ್ಲದೆ ಹುಬ್ಬುಗಳನ್ನೂ ತೆಗೆಸುತ್ತಿದ್ದನೆಂದು ಐರೋಪ್ಯ ಲೇಖಕರು ಬರೆದಿದ್ದಾರೆ.

ಶತ್ರುವಿನ ಕೈಗೆ ಹಿಡಿಕೆಯಾಗಬಾರದೆಂಬ ಈ ಯೋಚನೆಯು ಪರದೇಶಗಳಲ್ಲಿಯೂ ಕಾಣುವುದು. ಅಲೆಕ್ಸಾಂಡರನು ತನ್ನವರ ಗಡ್ಡಗಳನ್ನು ಬೋಳಿಸುವಂತೆ ಆಜ್ಞಾಪಿಸಿದುದು ಇದಕ್ಕಾಗಿಯೇ ಎಂದು ಪ್ಲುಟಾರ್ಕನು ಹೇಳುವನು. ಕುದುರೆಯ ಮೇಲಿನ ಬಿಲ್ಲಾಳುಗಳಾದ ಮಂಚೂಗಳು ಮುಂದಲೆಯನ್ನು ಬೋಳಿಸಿ ಹಿಂದೆ ಒಂದೇ ಜಡೆ ಹಾಕುತ್ತಿದ್ದರು. 1645ರಲ್ಲಿ ಚೀನದ ಪುರುಷರೆಲ್ಲರ ಮೇಲೂ ಅದನ್ನು ಹೇರಿದಾಗ ಸವಾರರ ವೇಷವು ದಾಸ್ಯದ ಗುರುತಾಯಿತು.

ಈಗ ಕೊಡಗಿಗೆ ಮರಳೋಣ. 1791ರಲ್ಲಿ ಮುಂಬಯಿ ಸೈನ್ಯದೊಡನೆ ಜನರಲ್ ಅಬರ್‌ಕ್ರಾಂಬಿಯು ಮಲೆಯಾಳದ ಕಡೆಯಿಂದ ಘಟ್ಟವನ್ನು ಹತ್ತಿ, ದೊಡ್ಡ ವೀರರಾಜೇಂದ್ರನನ್ನು ಸಂಧಿಸಿದನು. ಆ ಸಮಾಗಮದ ಜ್ಞಾಪಕಾರ್ಥವಾಗಿ 1792ರಲ್ಲಿ ಹುಟ್ಟಿದುದೇ ವೀರರಾಜೇಂದ್ರಪೇಟೆ, ಅಂದರೆ ಬಿಟ್ಟಂಗಾಲದವರ ಸಂತೆಯ ಊರಾದ ವಿರಾಜಪೇಟೆ. ಆ ಕಾಲದ ಇಂಗ್ಲಿಷ್ ಸೈನ್ಯದಲ್ಲಿ ಕೂದಲನ್ನು ಉದ್ದ ಬಿಟ್ಟು, ಹಿಂದೆ ಬಾಲದಂತೆ ಬಿಗಿದು ಪಟ್ಟಿ ಸುತ್ತುವುದೇ ನಿಯಮವಾಗಿದ್ದಿತೆಂಬುದನ್ನು ಇಂದು ಬಹುಮಂದಿ ಮರೆತಿದ್ದಾರೆ. ಪಾಗು ಸುತ್ತಿದ ಕೊಡಗಿನವರೂ ಜಡೆ ಬಿಗಿದ ಇಂಗ್ಲಿಷರೂ ಒಬ್ಬರನ್ನೊಬ್ಬರು ನೋಡಿ ಏನೆಂದುಕೊಂಡರೋ! ಆ ಜಡೆಯನ್ನು ಇಂಗ್ಲಿಷ್ ಸೈನ್ಯವು ತೆಗೆದುಹಾಕಿದುದು 1808ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ, 1806ರ ಜುಲೈ 10ರಂದು, ವೆಲ್ಲೂರಿನಲ್ಲಿ ಸಿಪಾಯಿಗಳು ದಂಗೆಯೆದ್ದಿದ್ದರು. ಹೊಸ ರೀತಿಯ ಶಿರೋವೇಷ್ಟನವನ್ನು ಧರಿಸಬೇಕು, ಗಡ್ಡವನ್ನು ತೆಗೆಸಬೇಕು, ಹಣೆಯ ಲಾಂಛನವನ್ನು ಅಳಿಸಬೇಕು ಎಂಬ ಆಜ್ಞೆಗಳು ಅದಕ್ಕೆ ಮುಖ್ಯ ಕಾರಣಗಳಲ್ಲಿ ಸೇರಿದ್ದುವು. ತಲೆಯ ಮೇಲಿನ ವಿಷಯಗಳನ್ನು ಹಗುರವಾಗಿ ಎಣಿಸಿದವರು ಎಷ್ಟು ಬೆಲೆ ತೆತ್ತರೆಂಬುದಕ್ಕೆ ಅದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ವಿರಾಜಪೇಟೆಯಲ್ಲಿ 1792ರಿಂದಲೂ ಸಂತ ಅನ್ನಮ್ಮನ ದೇವಾಲಯವುಂಟು. ಅಲ್ಲಿಯ ಕ್ರೈಸ್ತರಿಗೆ ಅಬ್ಷಾಲೋಮನ ಕಥೆ ತಿಳಿದುದೇ. ದಾವೀದ ರಾಜನ ಮಗನಾದ ಅವನು ಕೂದಲಿನ ಸಮೃದ್ಧಿಗಾಗಿ ಹೆಸರಾದವನು. ತಂದೆಯ ಮೇಲೆ ದಂಗೆಯೆದ್ದು, ಸೋತು, ಹೇಸರಗತ್ತೆಯನ್ನೇರಿ ಹೋಗುತ್ತಿರುವಾಗ ದೊಡ್ಡ ಮರದ ಕೊಂಬೆಗೆ ಸಿಕ್ಕಿಕೊಂಡನು. ವಾಹನವು ಮುಂದೆ ಹೋಯಿತು, ಅವನು ತೂಗಾಡುತ್ತ ಉಳಿದನು, ಶತ್ರುಗಳು ಬಂದು ಕೊಂದರು. ಮೂಲದಲ್ಲಿ ಸಿಕ್ಕಿಕೊಂಡುದು ತಲೆಯೆಂದೇ ಇದೆ. ಕೂದಲೆಂದು ಹೇಳುವುದು ಪರಂಪರೆ. ಹೇಗೇ ಇರಲಿ, ಯುದ್ಧವಿಲ್ಲದ ಕಾಲದಲ್ಲಿ ಬಿಟ್ಟಂಗಾಲದಂತಹ ಮರಗಾಡಿನ ಸವಾರನಿಗೆ ಭೂರಿಶ್ರವನ ಕೈಗಿಂತ ಅಬ್ಷಾಲೋಮನ ಕೊಂಬೆಯೇ ಹೆಚ್ಚಿನ ಭಯ.

ಈ ಭಯಕ್ಕೆ ಕೊಡಗಿನಲ್ಲಿ ಮನೆಯಲ್ಲಿಯೇ ಔಷಧವಿದ್ದಿತು. ಕೊಡವ ಸ್ತ್ರೀಯರು ತಲೆಗೆ ಕಟ್ಟುವ ವಸ್ತ್ರವು ಹಣೆಯ ಮೇಲಿನಿಂದ ಕೂದಲನ್ನೆಲ್ಲ ಆವರಿಸಿ ಹಿಂದೆ ಗಂಟಾಗುವುದು. ಗದ್ದೆಯ ಕೆಲಸಕ್ಕೂ ತೋಟದ ಕೆಲಸಕ್ಕೂ ಒಪ್ಪುವ ಈ ಕಟ್ಟು ಕುದುರೆಗಾಗಿ ಹುಟ್ಟಿದುದಲ್ಲ. ಆದರೆ ಕೊಂಬೆಗೂ ಮುಳ್ಳಿಗೂ ಗಾಳಿಗೂ ಕೂದಲನ್ನು ಕೊಡದಿರುವ ಉಪಾಯಗಳಲ್ಲಿ ಇದಕ್ಕಿಂತ ಸರಳವಾದುದು ಬೇರೊಂದಿಲ್ಲ. ಬಯಲುಸೀಮೆಯ ಜಡೆಯಾದರೋ, ಜಡೆಬಿಲ್ಲೆ ಕುಚ್ಚುಗಳೊಡನೆ ಎಷ್ಟು ಸೊಗಸಾದರೂ, ಸವಾರಿಗೆ ಸಲ್ಲದು. ಕುದುರೆಯು ಕುಕ್ಕುಲೋಟಕ್ಕೆ ತೊಡಗಿದೊಡನೆ ಆ ಕುಚ್ಚು ಬೆನ್ನಿಗೆ ಬಡಿಯುವುದು. ಇಳಿಯುವಾಗ ಜೀನಿಗೆ ತೊಡರಿಕೊಂಡರೆ ಕಾಲು ನೆಲದಲ್ಲಿ, ತಲೆ ಜೀನಿನಲ್ಲಿ ಎಂಬ ಸ್ಥಿತಿಯಾಗುವುದು. ಜಡೆಯನ್ನು ಹೆಣೆದ ಬಳಿಕ ಮಡಿಚಿ ಕತ್ತಿನ ಬುಡದಲ್ಲಿ ಚಪ್ಪಟೆಯಾಗಿ ಬಿಗಿಯುವುದು ಲೇಸು. ಲೋಹದ ಮುಡಿಪಿನ್ನುಗಳನ್ನು ಮನೆಯಲ್ಲಿಯೇ ಬಿಡಬೇಕು. ಬಿದ್ದಾಗ ಅವು ನೆತ್ತಿಗೆ ನಾಟುವುವು.

ಕನ್ನಡನಾಡಿನ ಸವಾರರ ತಲೆಯುಡುಗೆಯು ಲೋಕದ ಕಣ್ಣಿಗೆ ಬಿದ್ದುದು ಮೈಸೂರು ಲ್ಯಾನ್ಸರುಗಳಿಂದ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದವರೊಡನೆ ಕೂಡಿ ಭರ್ಜಿ ಹಿಡಿದು ಗೆದ್ದವರು ಅವರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತ ಮೂವರು ಯೋಧರಲ್ಲಿ ಒಬ್ಬನು ಮೈಸೂರಿನ ಪ್ರತಿನಿಧಿ. ಅವನ ತಲೆಯಲ್ಲಿ ಇಂದಿಗೂ ರುಮಾಲೇ ಇದೆ. ಆ ದಳವು 1953ರಲ್ಲಿ ಹುಟ್ಟಿದ 61ನೆಯ ಅಶ್ವದಳದಲ್ಲಿ ಲೀನವಾಯಿತು.

ಇಂದು ರುಮಾಲಿನ ಸ್ಥಾನಕ್ಕೆ ಹೆಲ್ಮೆಟ್ ಬಂದಿದೆ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಎಲ್ಲ ಸವಾರರೂ ಅದನ್ನು ಧರಿಸಲೇಬೇಕೆಂದು 2021ರಿಂದ ನಿಯಮವಾಗಿರುವುದು. ಕುಳ್ಳಾಯಿಗೂ ಇದಕ್ಕೂ ಒಂದು ಭೇದವುಂಟು. ಕುಳ್ಳಾಯಿಯೊಳಗೆ ನೆತ್ತಿಯ ಗಂಟಿಗೆ ಸ್ಥಳವಿದ್ದಿತು, ಹೆಲ್ಮೆಟಿನೊಳಗೆ ಇಲ್ಲ. ನೆತ್ತಿಯಲ್ಲಿ ತುರುಬು ಕಟ್ಟಿ ಅದರ ಮೇಲೆ ಹೆಲ್ಮೆಟ್ ಇಟ್ಟರೆ ಅದು ಮೇಲಕ್ಕೆದ್ದು ಕೂತು, ಬಿದ್ದಾಗ ತಲೆಯಿಂದ ಜಾರುವುದು. ಆದುದರಿಂದ ತುರುಬನ್ನು ಹೆಲ್ಮೆಟಿನ ಅಂಚಿಗಿಂತ ಕೆಳಗೆ ಕತ್ತಿನ ಬಳಿ ಕಟ್ಟಿ, ತೆಳ್ಳನೆಯ ಬಲೆಯನ್ನು ಹಾಕುವರು. ಹೆಲ್ಮೆಟನ್ನು ಕೊಳ್ಳಲು ಹೋಗುವ ದಿನವೂ ಕೂದಲನ್ನು ಸವಾರಿಗೆ ಕಟ್ಟುವಂತೆಯೇ ಕಟ್ಟಿಕೊಂಡು ಹೋಗಿ ಅಳತೆ ನೋಡುವರು. ಕೊಡಗಿನ ವಸ್ತ್ರದ ಗಂಟು ಬೀಳುವ ಜಾಗವೂ ಅದೇ, ಕತ್ತಿನ ಹಿಂಭಾಗ.