ಗೋಡೆಗೆ ತೂಗಿದ ಕೌದಿ: ಸಿದ್ದಿ ಹೆಂಗಸರ ದುಡಿಮೆ ಮತ್ತು 'ಪೂರ್ವಜರ ಕಲೆ' ಎಂಬ ಚೀಟಿ

1

ಮೈಮೇಲೆ ಹೊದೆಯುವ ಕೌದಿಯನ್ನು ಗೋಡೆಗೆ ತೂಗಿ ಕೆಳಗೆ ಒಂದು ಚೀಟಿ ಅಂಟಿಸಿದರೆ ಅದು ಏನಾಗುತ್ತದೆ? ಕಲೆಯಾಗುತ್ತದೆ ಎನ್ನುವುದು ಸಿದ್ಧ ಉತ್ತರ. ಹಾಗಾದರೆ ಗೋಡೆಗೆ ಹೋಗುವ ಮೊದಲು ಅದು ಏನಾಗಿತ್ತು? ಈ ಎರಡನೆಯ ಪ್ರಶ್ನೆ ಕೇಳುವವರು ಕಡಿಮೆ. ದಲಿತ ವಿಮರ್ಶೆ ಎಂಬುದೊಂದು ಇರುವುದಾದರೆ ಅದು ಮೊದಲು ಕೇಳಬೇಕಾದದ್ದು ಇದನ್ನೇ.

2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿದ ಕೌದಿಗಳ ಪ್ರದರ್ಶನ ನಡೆಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್ ಕಲೆಯ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಹೊರಜಗತ್ತಿಗೆ ತೋರಿಸಿದವರಲ್ಲಿ ಮುಖ್ಯರು. ಹೊಲಿದ ಹೆಂಗಸರು ಸಹಕಾರಿ ಗುಂಪು ಕಟ್ಟಿಕೊಳ್ಳುವುದಕ್ಕೂ ಅವರು ನೆರವಾದರು. ಶಾಂಬರ್ಗ್ ಕೂಡ ದೊರೆಗಳು ದೋಚಿ ತಂದ ಮಾಲು ತುಂಬಿಟ್ಟ ಮ್ಯೂಸಿಯಂ ಅಲ್ಲ. ಕಪ್ಪು ಜನರ ಚರಿತ್ರೆಯನ್ನು ಒಂದೊಂದೇ ಪುಸ್ತಕವಾಗಿ ಕೂಡಿಸಿದ ಆರ್ತುರೋ ಶಾಂಬರ್ಗನ ಸಂಗ್ರಹದಿಂದ ಬೆಳೆದ ಸಂಸ್ಥೆ. ಹಾಗಾಗಿ ಇಲ್ಲಿ ಕಳ್ಳರು ಯಾರು ಎಂದು ಬೆರಳು ತೋರಿಸಿ ಮುಗಿಸುವ ಹಾಗಿಲ್ಲ.

1897ರಲ್ಲಿ ಬ್ರಿಟಿಷ್ ಸೈನ್ಯ ಬೆನಿನ್ ಪಟ್ಟಣವನ್ನು ಸುಟ್ಟು ಅಲ್ಲಿಯ ಕಂಚಿನ ಫಲಕಗಳನ್ನು ಹೊತ್ತೊಯ್ದಿತು. 125 ವರ್ಷದ ನಂತರ, 2022ರಲ್ಲಿ, ಜರ್ಮನಿ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಅವುಗಳಲ್ಲಿ ಕೆಲವನ್ನು ನೈಜೀರಿಯಾಕ್ಕೆ ಮರಳಿಸಿದವು. ಅಲ್ಲಿ ನ್ಯಾಯ ಸರಳ: ಕದ್ದದ್ದನ್ನು ಕೊಡಿ. ಸಿದ್ದಿ ಕೌದಿಯ ವಿಚಾರ ಅಷ್ಟು ಸರಳವಲ್ಲ. ಅದನ್ನು ಕದಿಯಲಿಲ್ಲ, ಕೊಂಡರು. ಹೊಲಿದವಳ ಹೆಸರನ್ನೂ ಬರೆದರು. ಆದರೂ ಏನೋ ಒಂದು ಇಲ್ಲೇ ಉಳಿಯಿತು. ಅದು ಏನು ಎಂಬುದು ಈ ಬರಹದ ವಿಷಯ.

ನಾನು ಕಲಾ ವಿಮರ್ಶಕನಲ್ಲ. ಹಳಿಯಾಳ, ಮುಂಡಗೋಡದ ಕಡೆ ಸಂಘಟನೆಯ ಕೆಲಸಕ್ಕೆ ಓಡಾಡಿದವನು. ಕೌದಿ ಹೊದ್ದು ಬೆಳೆದ ಕೇರಿಯವನು. ಆ ಅಧಿಕಾರದಿಂದ ಮಾತ್ರ ಮಾತಾಡುತ್ತೇನೆ.

2

ಹಳಿಯಾಳ ತಾಲೂಕಿನ ಸಾಂಬ್ರಾಣಿ, ಗರಡೊಳ್ಳಿ, ಮುಂಡಗೋಡದ ಮೈನಳ್ಳಿ, ಗುಂಜಾವತಿ, ಆಚೆ ಯಲ್ಲಾಪುರದ ಕಾಡು. ಈ ಸುತ್ತಿನಲ್ಲಿ ಸಿದ್ದಿಗಳು ಹರಡಿಕೊಂಡಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಇದ್ದಾರೆ. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಸಂತೆಯಲ್ಲಿ ಕನ್ನಡ, ಅಲ್ಲಲ್ಲಿ ಮರಾಠಿ. 16ನೆಯ ಶತಮಾನದಿಂದ ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ, ಅದರಲ್ಲೂ ಮೊಜಾಂಬಿಕ್ ಕಡೆಯಿಂದ, ಗುಲಾಮರನ್ನು ಗೋವಾಕ್ಕೆ ತಂದು ಮಾರಿದರು. ಅವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಈ ಕಾಡು ಸೇರಿದರು. ಗುಲಾಮಗಿರಿ ಕಾನೂನಿನಲ್ಲಿ ಹೋಯಿತು, ಆದರೆ ಸಾಲ ಹೋಗಲಿಲ್ಲ. ಅಡಿಕೆ ತೋಟಗಳಲ್ಲಿ, ಭತ್ತದ ಗದ್ದೆಗಳಲ್ಲಿ ಸಾಲಕ್ಕೆ ಜೀತ ಉಳಿದುಕೊಂಡಿತು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. 1974ರ ಭೂಸುಧಾರಣೆ ಗೇಣಿ ಮಾಡುತ್ತಿದ್ದವನಿಗೆ ಭೂಮಿ ಕೊಟ್ಟಿತು. ಕೂಲಿ ಮಾಡುತ್ತಿದ್ದವನಿಗೆ ಏನು ಕೊಟ್ಟಿತು? ಗೇಣಿ ಚೀಟಿ ಇಲ್ಲದವನು ಆ ಕಾಯ್ದೆಯ ಕಣ್ಣಿಗೆ ಕಾಣಿಸುವಂತೆಯೇ ಇರಲಿಲ್ಲ.

ಈ ಚರಿತ್ರೆಯನ್ನು ಸಿದ್ದಿಗಳು ಕಾಗದದ ಮೇಲೆ ಬರೆದಿಡಲಿಲ್ಲ. ಅಕ್ಷರ ಅವರ ಕೈಗೆ ಬಂದದ್ದು ತಡವಾಗಿ. ಆದರೆ ಬರೆಯದವರೆಲ್ಲ ಚರಿತ್ರೆ ಇಲ್ಲದವರು ಎನ್ನುವುದು ಬರೆದವರ ಸೊಕ್ಕು. ಹೆಂಗಸರು ಹೊಲಿದರು.

ಸಿದ್ದಿಗಳು ಇದನ್ನು ಕವಂದ ಎನ್ನುತ್ತಾರೆ, ನಾವು ಕೌದಿ ಎನ್ನುತ್ತೇವೆ. ಅಡಿಯಲ್ಲಿ ಒಂದು ಹಳೆ ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಹೊಲಿಗೆ ಶುರು. ಅಂಚು ಹಿಡಿದು ಸುತ್ತು ಹಾಕುತ್ತ, ಹೋದಹೋದಲ್ಲಿ ತುಂಡು ಬಟ್ಟೆ ಮಡಿಚಿ ಇಡುತ್ತ, ಸಣ್ಣ ಸಣ್ಣ ಸಾದಾ ಹೊಲಿಗೆಯಲ್ಲಿ ನಡುವಿನ ಕಡೆಗೆ ಬರುತ್ತಾರೆ. ಮೇಲೆ ಅಲ್ಲಲ್ಲಿ ಟಿಕಲಿ ಎಂಬ ಚಿಕ್ಕ ತುಣುಕುಗಳು. ನಾಲ್ಕು ಮೂಲೆಗೂ ಪದರ ಪದರವಾಗಿ ಮಡಿಚಿದ ಫೂಲ, ಅಂದರೆ ಹೂವು. ಹೂವಿಲ್ಲದ ಕವಂದ ಬತ್ತಲೆ ಇದ್ದಂತೆ ಎಂಬ ಭಾವನೆ ಅವರದು. ಕ್ರೈಸ್ತರ ಕೆಲವು ಕೌದಿಗಳಲ್ಲಿ ಶಿಲುಬೆ, ಮುಸ್ಲಿಮರ ಕೆಲವುಗಳಲ್ಲಿ ಅರ್ಧಚಂದ್ರ ಕಾಣುತ್ತದೆ. ಮಕ್ಕಳಿಗೆ ಚಿಕ್ಕದು, ಮನೆಮಂದಿಗೆ ದೊಡ್ಡದು. ನಕ್ಷೆ ಮೊದಲೇ ಬರೆದಿರುವುದಿಲ್ಲ. ಕೈಗೆ ಯಾವ ಚೂರು ಬಂತೋ ಅದರ ಪಕ್ಕ ಏನು ಕೂಡುತ್ತದೋ ಕಣ್ಣು ನಿರ್ಧಾರ ಮಾಡುತ್ತದೆ.

ಈಗ ಬಟ್ಟೆಯ ಕಡೆ ನೋಡಿ. ಆ ಚೂರುಗಳು ಎಲ್ಲಿಂದ ಬಂದವು? ಮನೆಯವರು ಉಟ್ಟು ಹರಿದದ್ದು, ನೆಂಟರು ಕೊಟ್ಟದ್ದು, ಸಂತೆಯ ಹಳೆ ಬಟ್ಟೆ. ಕೂಲಿಯ ಜೊತೆಗೆ ಒಡೆಯರ ಮನೆಯಿಂದ ಹಳೆ ಅರಿವೆ ಬರುವುದು ನಮ್ಮ ಕಡೆಯ ಎಲ್ಲ ಕೇರಿಗೂ ಗೊತ್ತಿರುವ ಸಂಗತಿ. ನಮ್ಮವ್ವ ಅಂತಿದ್ದಳು, "ಸೀರಿ ಹಳೀದಾದ್ರ ಕೌದಿ, ಕೌದಿ ಹಳೀದಾದ್ರ ನೆಲಾ ಒರಸೂ ಅರಿಬಿ. ಬಡವರ ಮನ್ಯಾಗ ಯಾವ್ದೂ ಒಮ್ಮೆಲೆ ಸಾಯಂಗಿಲ್ಲ." ಇದು ನನ್ನ ಮಟ್ಟಿಗೆ ಕೌದಿಯ ಬಗ್ಗೆ ಇರುವ ಮೊದಲ ವಿಮರ್ಶೆ. ಕೌದಿಯಲ್ಲಿರುವುದು ಚಳಿಯ ಲೆಕ್ಕ, ಕೂಲಿಯ ಲೆಕ್ಕ, ಯಾರು ಯಾರಿಗೆ ಏನು ಕೊಟ್ಟರು ಎಂಬ ಲೆಕ್ಕ. ಅದರ ಚೆಲುವೂ ಈ ಲೆಕ್ಕದ ಒಳಗೇ ಇದೆ.

3

ಮ್ಯೂಸಿಯಂ ಈ ಲೆಕ್ಕವನ್ನು ಹೇಗೆ ಓದುತ್ತದೆ? ಅದು ಮೊದಲು ಪೂರ್ವಜರನ್ನು ಹುಡುಕುತ್ತದೆ. ಈ ಬಣ್ಣ ಆಫ್ರಿಕಾದ್ದೇ? ಈ ಲಯ ಅಟ್ಲಾಂಟಿಕ್ ದಾಟಿದ ಕಪ್ಪು ಹೆಂಗಸರ ಕೌದಿಗಳಲ್ಲೂ ಇದೆಯೇ? ಪ್ರಶ್ನೆ ತಪ್ಪಲ್ಲ. ಹಾರ್ಲೆಮ್‌ನ ಒಬ್ಬ ಕಪ್ಪು ಅಜ್ಜಿ ಈ ಕೌದಿಯ ಮುಂದೆ ನಿಂತು ತನ್ನ ತಾಯಿಯನ್ನು ನೆನೆದರೆ ಅದನ್ನು ಬೇಡ ಎನ್ನಲು ನಾವು ಯಾರು? ಆದರೆ ಧಾರವಾಡ, ಬೆಳಗಾವಿ ಸೀಮೆಯ ಯಾವ ಹಳ್ಳಿಗೆ ಹೋದರೂ ಕೌದಿ ಇದೆ. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿಯುವ ಹೆಂಗಸರಿದ್ದಾರೆ. ಸಿದ್ದಿ ಹೆಂಗಸು ತನ್ನ ಕೈಚಳಕವನ್ನು ಈ ನೆಲದಲ್ಲಿ, ಈ ನೆಲದ ಬಡತನದಲ್ಲಿ, ನೆರೆಯ ಬಡವರ ಜೊತೆ ಬೆಳೆಸಿದಳು. ಅದರ ಮೇಲೆ ತನ್ನದೇ ಗುರುತು ಹಾಕಿದಳು. ಆಫ್ರಿಕಾ ಎಂಬ ಒಂದೇ ಚೀಟಿ ಅಂಟಿಸಿದರೆ ಆಕೆಯ ನಾನೂರು ವರ್ಷದ ಕರ್ನಾಟಕ ಅಳಿಸಿಹೋಗುತ್ತದೆ. ಕೌದಿ ಎಲ್ಲರದ್ದು ಎಂದುಬಿಟ್ಟರೆ ಆಕೆಯೇ ಅಳಿಸಿಹೋಗುತ್ತಾಳೆ. ಎರಡೂ ಬೇಡ.

'ಪೂರ್ವಜರ ಕಲೆ' ಎಂಬ ಮಾತಿನಲ್ಲಿ ಇನ್ನೊಂದು ತೊಡಕಿದೆ. ಕೌದಿ ಬಳಕೆಯಲ್ಲಿ ಸವೆಯುತ್ತದೆ. ಅಜ್ಜಿಯ ಅಜ್ಜಿ ಹೊಲಿದ ಕೌದಿ ಉಳಿದಿರುವುದಿಲ್ಲ. ಮ್ಯೂಸಿಯಮಿನ ಗೋಡೆಯ ಮೇಲಿರುವುದು ಬದುಕಿರುವ ಅಥವಾ ನಿನ್ನೆ ಮೊನ್ನೆ ತೀರಿಕೊಂಡ ಹೆಂಗಸರ ಕೆಲಸ. ಅವರನ್ನು ಪೂರ್ವಜರ ಸಾಲಿಗೆ ಸೇರಿಸಿದರೆ ಅವರ ಇವತ್ತಿನ ಕೂಲಿ, ರೇಷನ್ ಕಾರ್ಡು, ಜಮೀನಿನ ಅರ್ಜಿ ಯಾವುದನ್ನೂ ಕೇಳುವ ಅಗತ್ಯ ಬೀಳುವುದಿಲ್ಲ.

ಪಕ್ಕದಲ್ಲೇ ಇನ್ನೊಂದು ಬಗೆಯ ಸಿದ್ದಿಯೂ ಮ್ಯೂಸಿಯಮಿನಲ್ಲಿದ್ದಾನೆ. ಅಹಮದ್‌ನಗರವನ್ನು ಆಳಿದ, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್. ವಿಜಾಪುರದ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್. ಇವನ ಚಿತ್ರ ಅಮೆರಿಕದ ಸ್ಯಾನ್ ಡಿಯಾಗೋ ಮ್ಯೂಸಿಯಮಿನಲ್ಲಿದೆ. 2013ರಲ್ಲಿ ಅದೇ ಶಾಂಬರ್ಗ್ ಕೇಂದ್ರ ಭಾರತದ ಆಫ್ರಿಕನ್ನರ ಬಗ್ಗೆ ಪ್ರದರ್ಶನ ಮಾಡಿದಾಗ ಇಂಥ ಸೇನಾಪತಿಗಳೂ ದೊರೆಗಳೂ ಮುಂದೆ ನಿಂತರು. ಗುಲಾಮನಾಗಿ ಬಂದವನು ರಾಜ್ಯ ನಡೆಸಿದ ಎನ್ನುವುದು ಸಣ್ಣ ಸಂಗತಿಯಲ್ಲ, ನಮ್ಮ ಮಕ್ಕಳು ಓದಬೇಕಾದದ್ದು. ಆದರೆ ನವಾಬನಾದವನಿಗೆ ಚರಿತ್ರೆ, ಕೂಲಿಯವಳಿಗೆ ಜಾನಪದ ಎಂಬ ಪಂಕ್ತಿಭೇದ ಎಲ್ಲಿಂದ ಬಂತು? ಇದು ನಮಗೆ ಹೊಸದಲ್ಲ. ಮೇಲಿನವರು ಮಾಡಿದರೆ ಶಿಲ್ಪ, ಕೆಳಗಿನವರು ಮಾಡಿದರೆ ಕಸುಬು. ಚಪ್ಪಲಿ ಹೊಲಿದವನಿಗೂ, ಮಡಕೆ ಮಾಡಿದವನಿಗೂ, ಹಲಗೆ ಬಡಿದವನಿಗೂ ಇದೇ ಪಂಕ್ತಿ.

4

ಸಿದ್ದಿಗಳಿಗೆ ಪೂರ್ವಜರನ್ನು ತೋರಿಸಿ ಎಂದು ಕೇಳಿದ್ದು ಮ್ಯೂಸಿಯಂ ಒಂದೇ ಅಲ್ಲ. ಇದೇ ಪ್ರಶ್ನೆ ಮೂರು ಬಾಗಿಲಲ್ಲಿ ಬಂದಿದೆ.

ಎಡ್ಗರ್ ಥರ್ಸ್ಟನ್ 1885ರಿಂದ 1908ರವರೆಗೆ ಮದ್ರಾಸಿನ ಸರ್ಕಾರಿ ಮ್ಯೂಸಿಯಮಿನ ಮೇಲ್ವಿಚಾರಕನಾಗಿದ್ದ. ಜನರ ತಲೆ, ಮೂಗು ಅಳೆದು ಜಾತಿ ಬುಡಕಟ್ಟುಗಳ 7 ಸಂಪುಟಗಳನ್ನು 1909ರಲ್ಲಿ ಪ್ರಕಟಿಸಿದ. ಉತ್ತರ ಕನ್ನಡ 1862ರಲ್ಲೇ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಹಾಗಾಗಿ ಸಾಂಬ್ರಾಣಿಯ ಕಾಡು ಅವನ ಪ್ರಾಂತ್ಯದ ಹೊರಗಿತ್ತು. ಅಳೆಯುವ ಬುದ್ಧಿ ಮಾತ್ರ ಬೇರೆ ದಾರಿಯಿಂದ ಬಂತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದನ್ನು ಶುರು ಮಾಡಿ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕಾದ ರಕ್ತ, ಓಡಿದರೆ ಪದಕ ಎಂಬುದು ಅದರ ಹಿಂದಿನ ನಂಬಿಕೆ. ಮಕ್ಕಳು ಓಡಿದರು, ಗೆದ್ದರು. 1993ರಲ್ಲಿ ಯೋಜನೆ ನಿಂತಿತು. ಊರಿಗೆ ಬಂದವರಲ್ಲಿ ಅನೇಕರಿಗೆ ಮತ್ತೆ ಕೂಲಿಯೇ ಗತಿಯಾಯಿತು. ರಕ್ತದಲ್ಲಿ ಪದಕ ಹುಡುಕಿದವರಿಗೆ ಹೊಟ್ಟೆಯ ಜವಾಬ್ದಾರಿ ಬೇಕಿರಲಿಲ್ಲ.

ಮೂರನೆಯದು ತಹಸೀಲ್ದಾರ ಕಚೇರಿ. ಪರಿಶಿಷ್ಟ ಪಂಗಡ ಎನಿಸಿಕೊಳ್ಳಲು 1965ರ ಲೋಕೂರ್ ಸಮಿತಿ ಕೊಟ್ಟ ಲಕ್ಷಣಗಳನ್ನು ನೋಡಿ: ಆದಿಮ ಗುಣ, ವಿಶಿಷ್ಟ ಸಂಸ್ಕೃತಿ, ಪ್ರತ್ಯೇಕ ವಾಸ, ಹೊರಗಿನವರ ಜೊತೆ ಬೆರೆಯಲು ಅಂಜಿಕೆ, ಹಿಂದುಳಿದಿರುವಿಕೆ. ಮನುಷ್ಯರನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಭಾಷೆಯೇ ಅಲ್ಲವೇ ಇದು? ಈ ಭಾಷೆಯ ಒಳಗೇ ನಿಂತು ಸಿದ್ದಿಗಳು ಹೋರಾಡಿದರು. 2003ರ ಜನವರಿಯಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪಟ್ಟಿಗೆ ಸೇರಿದರು. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರು.

ಪಟ್ಟಿಯಲ್ಲಿದ್ದರೆ ಏನು, ಇಲ್ಲದಿದ್ದರೆ ಏನು ಎಂದು ಕೇಳುವ ಗೆಳೆಯರಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಓದಲಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಆ ಭೂಮಿಯಲ್ಲಿದ್ದರೆ ಸಾಕು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದದ್ದಕ್ಕೆ ಪುರಾವೆ ಕೊಡಬೇಕು. ಹಳಿಯಾಳದ ಗಡಿ ದಾಟಿ ಕಲಘಟಗಿಗೆ ಕಾಲಿಟ್ಟರೆ ಅದೇ ಸಿದ್ದಿಗೆ 2020ರವರೆಗೆ ಬೇರೆ ನಿಯಮ. ಅಜ್ಜ ಒಬ್ಬನೇ, ಕಾಡು ಒಂದೇ, ಕಾನೂನು ಎರಡು.

ಆ ಕಾಯ್ದೆಯ ನಿಯಮಗಳಲ್ಲಿ ನಾವು ಗಮನಿಸಬೇಕಾದ ಒಂದು ಮಾತಿದೆ. ಹಿರಿಯರ ಹೇಳಿಕೆ, ಬಾವಿ, ಸಮಾಧಿ ಸ್ಥಳ, ಪೂಜೆಯ ಜಾಗ ಇವನ್ನೆಲ್ಲ ಪುರಾವೆ ಎಂದು ಒಪ್ಪಬೇಕು. ಬರೆಯದವರ ಚರಿತ್ರೆಯನ್ನು ಸರ್ಕಾರ ಕಾಗದದ ಮೇಲೆ ಒಪ್ಪಿಕೊಂಡ ಅಪರೂಪದ ಜಾಗ ಇದು. ಸಿದ್ದಿಗಳು ಮನೆಯಲ್ಲಿ ಹಿರಿಯರನ್ನು ಪೂಜಿಸುವವರು. ಪೂರ್ವಜರು ಅಂದರೆ ಅವರಿಗೆ ಪ್ರದರ್ಶನದ ವಸ್ತುವಲ್ಲ, ಹಬ್ಬದ ದಿನ ಎಡೆ ಇಡಬೇಕಾದವರು. ಈ ನೆಲದಲ್ಲಿ ಮಣ್ಣಾದವರು. ಮ್ಯೂಸಿಯಂ ಪೂರ್ವಜರನ್ನು ಸಮುದ್ರದಾಚೆ ಹುಡುಕುತ್ತದೆ. ಸಿದ್ದಿ ತನ್ನ ಹಿರಿಯರನ್ನು ಹಿತ್ತಲಲ್ಲಿ ತೋರಿಸಿ, ಆ ಹಿತ್ತಲು ನನ್ನದು ಎನ್ನಬೇಕಾಗಿದೆ.

5

ಕೊನೆಯದಾಗಿ ನಮ್ಮ ಚಳವಳಿಯ ಮಾತು. ಸಿದ್ದಿಗಳು ದಲಿತರೇ ಎಂದು ಕೇಳುವವರಿಗೆ ದಲಿತ ಪ್ಯಾಂಥರ್ಸ್ 1973ರಲ್ಲೇ ಉತ್ತರ ಕೊಟ್ಟಿದ್ದಾರೆ. ಅವರ ಪ್ರಣಾಳಿಕೆಯಲ್ಲಿ ಪರಿಶಿಷ್ಟ ಪಂಗಡದವರು, ಭೂಹೀನ ಕೂಲಿಗಳು, ಹೆಂಗಸರು ಎಲ್ಲರೂ ದಲಿತರೇ. ಆ ಹೆಸರೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಬಂದದ್ದು. 1987ರಲ್ಲಿ ವಿ. ಟಿ. ರಾಜಶೇಖರ್ ಭಾರತದ ದಲಿತರನ್ನು ಕಪ್ಪು ಅಸ್ಪೃಶ್ಯರು ಎಂದು ಕರೆದು ಬರೆದ ಪುಸ್ತಕ ಅಮೆರಿಕದಲ್ಲಿ ಅಚ್ಚಾಯಿತು. ಕಪ್ಪು ಜನರ ಜೊತೆ ನಮ್ಮ ನೆಂಟಸ್ತನ ಪುಸ್ತಕದ ಮೂಲಕ ಬಂತು, ಅಟ್ಲಾಂಟಿಕ್ ಸುತ್ತಿಕೊಂಡು ಬಂತು. ಹುಬ್ಬಳ್ಳಿಯಿಂದ ಬಸ್ಸು ಹತ್ತಿದರೆ ಎರಡು ಮೂರು ತಾಸಿನ ದಾರಿಯಲ್ಲಿರುವ ಕಪ್ಪು ಅಕ್ಕತಂಗಿಯರ ಕಡೆ ಈ ನೆಂಟಸ್ತನ ನಡೆದು ಹೋಗಬೇಕು. ಬಣ್ಣಕ್ಕೆ ಅವಮಾನ, ಜಾತಿಯಿಲ್ಲದವರಿಗೆ ಜಾತಿಯ ಕೆಳಗಿನ ಜಾಗ ಎರಡನ್ನೂ ಒಟ್ಟಿಗೆ ಉಂಡವರು ಅವರು. ಅವರ ಅನುಭವ ಇಲ್ಲದೆ ಕನ್ನಡದ ದಲಿತ ವಿಮರ್ಶೆ ಪೂರ್ತಿಯಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಹೊರದೇಶಕ್ಕೆ ಹೋದ ಕೌದಿಗಳನ್ನು ವಾಪಸ್ ತನ್ನಿ ಎಂದು ನಾನು ಕೇಳುವುದಿಲ್ಲ. ಮಾರಿದ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದ ತಾಯಿಗೆ ನಾವು ಪಾಠ ಹೇಳಬಾರದು. ಅಮೆರಿಕದಲ್ಲಿ ಈಗ 'ಕವಂದಿ' ಎಂಬ ಹೆಸರಿನಲ್ಲಿ ಈ ಹೊಲಿಗೆಯನ್ನು ಕಲಿಸುವ ತರಗತಿಗಳೇ ನಡೆಯುತ್ತವೆ. ಕಲಿಯುವವರು ಕಲಿಯಲಿ. ಆದರೆ ಆ ಹೆಸರಿನ ಲಾಭದಲ್ಲಿ ಹೊಲಿದವರ ಪಾಲು ಎಷ್ಟು ಎಂದು ಕೇಳುವ ಹಕ್ಕು ಸಿದ್ದಿ ಹೆಂಗಸರಿಗಿದೆ. ಕೇಳಲು ಅವರ ಬೆನ್ನಿಗೆ ನಾವಿರಬೇಕು.

ಮೈಸೂರು ವಿಶ್ವವಿದ್ಯಾಲಯದಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ರಾಮನಗರದಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಸಾಂಬ್ರಾಣಿ ಸುತ್ತಿನಲ್ಲಿ ಒಂದು ಮನೆ ಸಾಕು. ಹಂಚಿನ ಮನೆಯೇ ಇರಲಿ. ಅದರ ಕೀಲಿ ಹೊಲಿಯುವ ಹೆಂಗಸರ ಕೈಯಲ್ಲಿರಲಿ. ಅಲ್ಲಿ ಕವಂದ ಇರಲಿ, ಡಮಾಮಿ ಇರಲಿ. ಅವುಗಳ ಪಕ್ಕದಲ್ಲಿ ಜೀತದ ಸಾಲದ ಕಥೆ, ಓಡಲು ಹೋಗಿ ಬಂದ ಮಕ್ಕಳ ಪದಕ, ಅರಣ್ಯ ಹಕ್ಕಿನ ಅರ್ಜಿಯ ನಕಲು, ತಿರಸ್ಕೃತವಾದ ಅರ್ಜಿಯ ಹಿಂಬರಹ ಕೂಡ ಇರಲಿ. ಒಂದೊಂದು ಚೂರಿನ ಬಗ್ಗೆ, ಇದು ಯಾರ ಸೀರೆ, ಯಾವ ಮದುವೆಯದು, ಯಾವ ಕೂಲಿಯದು ಎಂದು ಹೊಲಿದವರ ಬಾಯಿಂದಲೇ ಬರೆದಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಈ ಮಳೆಗಾಲ ಮುಗಿಯುತ್ತಲೇ ಶುರು ಮಾಡಬಹುದು. ಕೌದಿ ಹೊಲಿಯುವ ಹಿರಿಯರು ವರ್ಷಕ್ಕೊಬ್ಬರಂತೆ ಕಡಿಮೆಯಾಗುತ್ತಿದ್ದಾರೆ. ಕೌದಿ ಗೋಡೆಯ ಮೇಲೆ ಉಳಿದು, ಅದರ ಮಾತು ಗೊತ್ತಿದ್ದವರು ಹೋದರೆ ಉಳಿಯುವುದು ಬರೀ ಚೀಟಿ.